ಜಾಮೀನುದಾರನ ಕುತ್ತಿಗೆ

ಇದನ್ನು ಬರೆಯುವುದನ್ನು ಬಹಳ ಕಾಲದಿಂದ ಮುಂದೂಡುತ್ತ ಬಂದೆ. ಕಣ್ಣಿನ ಪೊರೆ ತೆಗೆಸಿದ ಮೇಲೆ ಬರೆದರಾಯಿತು ಎಂದುಕೊಂಡೆ, ತೆಗೆಸಿದ್ದಾಯಿತು. ಮೊಮ್ಮಗಳ ಪರೀಕ್ಷೆ ಮುಗಿಯಲಿ ಎಂದುಕೊಂಡೆ. ಮುಗಿದು, ಅವಳು ಪಾಸಾಗಿ, ಪೇಡೆಯನ್ನೂ ಹಂಚಿದೆವು. ಈಗ ನೆಪಗಳೆಲ್ಲ ಖರ್ಚಾಗಿವೆ.

ನಾನು ಹೊಸಪೇಟೆ ಕೋರ್ಟಿನಲ್ಲಿ ಒಬ್ಬ ಕ್ರಿಮಿನಲ್ ವಕೀಲರ ಹತ್ತಿರ ಗುಮಾಸ್ತನಾಗಿದ್ದವನು. ಎಸ್ಸೆಸ್ಸೆಲ್ಸಿ ಪಾಸಾದ ವರ್ಷ ಸೇರಿದೆ, ಅವರು ವಕೀಲಿ ನಿಲ್ಲಿಸಿದಾಗ ನಾನೂ ನಿಲ್ಲಿಸಿದೆ. ಹೊಸದಾಗಿ ಗುಮಾಸ್ತರಾಗಿ ಸೇರಿದ ಹುಡುಗರು ಆಗಾಗ ಮನೆಗೆ ಬಂದು "ಹಳೇ ಕೇಸಿನ ಕಥಿ ಹೇಳ್ರಿ" ಎನ್ನುತ್ತಾರೆ. ನಗಿಸುವಂಥವನ್ನು ಹೇಳಿ ಕಳಿಸುತ್ತೇನೆ. ಅವುಗಳಲ್ಲಿ ಒಂದು ಕಥೆಯನ್ನು ಮಾತ್ರ ಪ್ರತಿಸಲವೂ ಅರ್ಧಕ್ಕೆ ನಿಲ್ಲಿಸಿದ್ದೇನೆ. ಮರಣದಂಡನೆ ಎಂಬ ಮಾತನ್ನು ನಾನು ತಮಾಷೆಗೆ ಬಳಸಿದ್ದರಿಂದ ಒಬ್ಬ ಹುಡುಗಿಯ ಓದು ನಿಂತುಹೋದ ಕಥೆ ಅದು. ಈ ಸಲ ಪೂರ್ತಿ ಹೇಳುತ್ತೇನೆ. ಆದರೆ ಗುಮಾಸ್ತನ ಅಭ್ಯಾಸ ನೋಡಿ, ನೇರವಾಗಿ ವಿಷಯಕ್ಕೆ ಬರಲು ಆಗುವುದಿಲ್ಲ. ಮೊದಲಿನಿಂದ ಬರುತ್ತೇನೆ.

ಗುಮಾಸ್ತನೆಂದರೆ ಫೈಲು ಹೊರುವವನು ಎಂದು ಜನ ತಿಳಿದಿದ್ದಾರೆ. ಹೊರುವುದು ಹೌದು. ಅರ್ಜಿ ಹಾಕುವುದು, ನಕಲು ತರುವುದು, ತಾರೀಕು ಬರೆದುಕೊಳ್ಳುವುದು ಎಲ್ಲವೂ ಹೌದು. ಆದರೆ ನಿಜವಾದ ಕೆಲಸ ಕೋರ್ಟಿನ ಹೊರಗೆ ಬೇವಿನ ಮರದ ಕೆಳಗೆ ಇರುತ್ತದೆ. ವಕೀಲರು ಒಳಗೆ ನ್ಯಾಯಾಧೀಶರಿಗೆ ಹೇಳುತ್ತಿರುವಾಗ, ಅದೇ ಕೇಸನ್ನು ಹೊರಗೆ ಕಕ್ಷಿದಾರನ ಅವ್ವನಿಗೆ, ಹೆಂಡತಿಗೆ, ಮಾವನಿಗೆ ಹೇಳಬೇಕಾದವನು ಗುಮಾಸ್ತ. ಕಂಪ್ಲಿಯಿಂದ, ಸಂಡೂರಿನಿಂದ, ಕಮಲಾಪುರದಿಂದ ಮೊದಲ ಬಸ್ಸಿಗೆ ಬಂದು ಕುಳಿತಿರುವ ಅವರಿಗೆ ಕಾನೂನೆಂದರೆ ನಮ್ಮ ಬಾಯಿಂದ ಬಿದ್ದದ್ದೇ.

ಸೇರಿದ ಹೊಸತರಲ್ಲಿ ನನಗೆ ಕಲಮುಗಳ ಸಂಖ್ಯೆ ಬಾಯಿಪಾಠ ಮಾಡುವ ಹುಚ್ಚು. ಒಂದು ದಿನ ಕಂಪ್ಲಿಯ ಅಕ್ಕಿ ಗಿರಣಿಯ ಹಮಾಲಿಯೊಬ್ಬನ ತಂದೆ ಬಂದು ಕೇಳಿದ, "ಮುನ್ನೂರಾ ಎರಡು ಹಾಕ್ಯಾರಂತ್ರಿ ನನ್ನ ಮಗಗ. ಹಂಗಂದ್ರ ಏನ್ರಿ?"

ನಾನು ಎದೆಯುಬ್ಬಿಸಿ ಒಂದೇ ಮಾತಿನಲ್ಲಿ "ಮರಣದಂಡನೆ" ಎಂದೆ.

ಆತ ಅಲ್ಲೇ ಕುಸಿದು ಕುಳಿತ. ಆತನ ಹೆಂಡತಿ ಎದೆ ಬಡಿದುಕೊಂಡು ಅಳತೊಡಗಿದಳು. ಯಾರೋ ಸತ್ತರೆಂದು ಎದುರಿನ ಸಿವಿಲ್ ಕೋರ್ಟಿನ ಜನವೆಲ್ಲ ಓಡಿಬಂತು. ಚಾದಂಗಡಿಯವನು ಸೋಡಾ ಬಾಟಲಿ ಹಿಡಿದು ಬಂದ. ಗದ್ದಲಕ್ಕೆ ನಮ್ಮ ವಕೀಲ ಸಾಹೇಬರು ಕೋಟು ಹಾರಿಸುತ್ತ ಹೊರಗೆ ಬಂದರು. ಅವರಿಗೆ ಸಿಟ್ಟು ಬಂದರೆ ಮೊದಲು ತೆಲುಗು ಬರುತ್ತಿತ್ತು, ಆಮೇಲೆ ಕನ್ನಡ.

"ಏಮಯ್ಯಾ! ಸಾಕ್ಷಿ ಇಲ್ಲ, ವಾದ ಇಲ್ಲ, ಜಡ್ಜ್‌ಮೆಂಟ್ ನೀನ ಕೊಟ್ಟುಬಿಟ್ಟೇನು? ನಾವೆಲ್ಲಾ ಕೋಟು ಮಡಚಿ ಮನಿಗೆ ಹೋಗಬೇಕಾ?"

ಅವತ್ತು ಸಂಜೆ ಕಚೇರಿಯಲ್ಲಿ ಕೂರಿಸಿಕೊಂಡು ಪಾಠ ಮಾಡಿದರು. ಅದನ್ನು ಹುಡುಗರು ಗಮನವಿಟ್ಟು ಓದಬೇಕು.

ಮರಣದಂಡನೆ ಎಂಬುದು ಕಲಮಿನಲ್ಲಿ ಬರೆದಿರುವ ಮೇಲಿನ ಮಿತಿ. ಕೊಲೆಯ ಕಲಮಿನಲ್ಲಿ ಅದರ ಪಕ್ಕಕ್ಕೇ ಜೀವಾವಧಿ ಶಿಕ್ಷೆಯೂ ಇದೆ. ಕೊಲೆ ಸಾಬೀತಾದರೂ ಸಾಮಾನ್ಯವಾಗಿ ಸಿಗುವುದು ಜೀವಾವಧಿಯೇ. ಗಲ್ಲು ವಿಧಿಸಬೇಕಾದರೆ ನ್ಯಾಯಾಧೀಶರು ವಿಶೇಷ ಕಾರಣಗಳನ್ನು ಬರೆಯಬೇಕು, ಇದು ವಿರಳದಲ್ಲಿ ವಿರಳ ಪ್ರಕರಣ ಎಂದು ತೋರಿಸಬೇಕು. ಅಷ್ಟಾದರೂ ಹೈಕೋರ್ಟು ದೃಢಪಡಿಸುವವರೆಗೆ ಅದನ್ನು ಜಾರಿ ಮಾಡುವಂತಿಲ್ಲ. ಆಮೇಲೆ ಸುಪ್ರೀಂ ಕೋರ್ಟಿದೆ, ರಾಷ್ಟ್ರಪತಿಗಳಿಗೆ ದಯಾ ಅರ್ಜಿ ಇದೆ. ಹಾಗಾದರೆ ಆ ಮಾತು ನಮ್ಮ ದಿನದ ಕೆಲಸದಲ್ಲಿ ಎಲ್ಲಿ ಬಳಕೆಯಾಗುತ್ತದೆ? ಕೇಸು ಯಾವ ಕೋರ್ಟಿಗೆ ಹೋಗಬೇಕು, ಜಾಮೀನನ್ನು ಯಾವ ನ್ಯಾಯಾಧೀಶರು ಕೊಡಬಹುದು, ಪೊಲೀಸರಿಗೆ ದೋಷಾರೋಪ ಪಟ್ಟಿ ಹಾಕಲು ಎಷ್ಟು ಗಡುವು ಎಂಬುದನ್ನು ನಿರ್ಧರಿಸುವುದಕ್ಕೆ. 'ಮರಣದಂಡನೆ ಅಥವಾ ಜೀವಾವಧಿ ಶಿಕ್ಷೆಗೆ ಗುರಿಪಡಿಸಬಹುದಾದ ಅಪರಾಧ' ಎಂಬ ಸಾಲನ್ನು ನಾನು ಜಾಮೀನು ಅರ್ಜಿಗಳಲ್ಲಿ ಲೆಕ್ಕವಿಲ್ಲದಷ್ಟು ಸಲ ಟೈಪು ಮಾಡಿದ್ದೇನೆ. ನಮ್ಮ ಕಚೇರಿಯ ಕೇಸಿನಲ್ಲಿ ಗಲ್ಲಿನ ತೀರ್ಪನ್ನು ಒಮ್ಮೆಯೂ ಕೇಳಲಿಲ್ಲ.

ಸಾಹೇಬರು ಕೊನೆಗೆ ಹೇಳಿದರು, "ಡ್ಯಾಮಿನ ಗ್ವಾಡಿ ಮ್ಯಾಲೆ ನೀರಿನ ಮಟ್ಟ ಬರ್ದಿರ್ತಾರ, ನೋಡೀಯಲ್ಲ? ತುದೀಲಿ ಬರ್ದಿದ್ದು ಓದಿ ಹೊಸಪೇಟಿ ಮುಳುಗ್ತು ಅಂತ ಓಡ್ತಿಯೇನು? ಪಾರ್ಟಿಗೆ ಮೊದ್ಲು ಏನು ಆಗಂಗಿಲ್ಲ ಅನ್ನದು ಹೇಳು. ಏನಾಗಬಹುದು ಅನ್ನದು ಆಮ್ಯಾಲೆ."

ಈ ಪಾಠ ಸಂಡೂರಿನ ಲಾರಿ ಡ್ರೈವರನೊಬ್ಬನಿಗೆ ಚೆನ್ನಾಗಿ ಉಪಯೋಗವಾಯಿತು. ಅದಿರು ಲಾರಿ ಓಡಿಸುತ್ತಿದ್ದವನು. ಘಟ್ಟದ ತಿರುವಿನಲ್ಲಿ ಸೈಕಲ್ಲಿನವನಿಗೆ ಲಾರಿ ತಾಗಿ ಆ ಮನುಷ್ಯ ತೀರಿಕೊಂಡಿದ್ದ. ಡ್ರೈವರ್ ನಮ್ಮ ಕಚೇರಿಗೆ ಬಂದಾಗ ತಲೆ ಬೋಳಿಸಿಕೊಂಡು, ಹೊಸ ಬಟ್ಟೆ ಉಟ್ಟು, ಹೆಂಡತಿ ಮಕ್ಕಳನ್ನು ಕರೆತಂದಿದ್ದ. ಹಣೆಯ ಮೇಲೆ ಕುಮಾರಸ್ವಾಮಿ ಗುಡಿಯ ವಿಭೂತಿ, ಕಿವಿಯ ಹಿಂದೆ ಗಣಿಯ ಕೆಂಪು ಧೂಳು.

"ನನ್ನಿಂದ ಒಂದು ಜೀವ ಹೋಗೈತ್ರಿ. ನನ್ನ ಜೀವಾನೂ ತಗಳ್ಳಿ, ನ್ಯಾಯ ಐತಿ. ಎಲ್ಲರಿಗೂ ಹೇಳಿ ಬಂದೀನಿ" ಎಂದ.

"ನೀವು ಬೇಕಂತ ಹಾಯಿಸಿಲ್ಲಲ್ಲ. ಇದಕ್ಕ ಫಾಶಿ ಇಲ್ರಿ. ಭಾಳ ಅಂದ್ರ ಎರಡು ವರ್ಷ. ಜಾಮೀನೂ ಸಿಗ್ತೈತಿ" ಎಂದು ನಾನು ಸಮಾಧಾನ ಹೇಳಿದೆ.

ಆತ ಬೋಳು ನೆತ್ತಿ ಸವರಿಕೊಂಡ. "ಹಂಗಾರ ನಾ ಕೂದ್ಲ ಯಾಕ ಕೊಟ್ಟೆರೀ?"

ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡು ಅಂದಳು, "ಅವು ಬೆಳಿತಾವ ಬಿಡು. ತಲಿ ಉಳೀತಲ್ಲ."

ಇಷ್ಟು ಕಲಿತ ಮೇಲೂ ನಾನು ತಪ್ಪು ಮಾಡಿದೆ. ತಿಳಿಯದೆ ಮಾಡಿದ್ದಲ್ಲ, ಅದಕ್ಕೇ ಹೇಳಲು ಇಷ್ಟು ಕಷ್ಟ. ಆ ಹೊತ್ತಿಗೆ ಬೇವಿನ ಮರದ ಕೆಳಗೆ ನನಗೊಂದು ಹೆಸರು ಬಂದಿತ್ತು. ಗುಮಾಸ್ತರು ಬಾಯಿ ತೆಗೆದರೆ ನಗು ಗ್ಯಾರಂಟಿ ಎಂದು ಜೂನಿಯರ್ ವಕೀಲರು ಕೂಡ ಚಾ ಹಿಡಿದುಕೊಂಡು ಬಂದು ನಿಲ್ಲುತ್ತಿದ್ದರು. ಜನ ನಿಂತರೆ ನನಗೆ ಮಾತು ತಡೆಯುತ್ತಿರಲಿಲ್ಲ.

ಮಲಪನಗುಡಿಯ ಹುಲುಗಪ್ಪ ಬಂದದ್ದು ಆ ಕಾಲದಲ್ಲಿ. ಬಾಳೆ, ಕಬ್ಬು ಬೆಳೆಯುವ ರೈತ. ನನಗಿಂತ ಸ್ವಲ್ಪ ದೊಡ್ಡವನಿರಬೇಕು. ಆತನ ಅಕ್ಕನ ಮಗ ಮಾರೆಪ್ಪ ಕಂಪ್ಲಿಯಲ್ಲಿ ಪಂಪ್‌ಸೆಟ್ ರಿಪೇರಿ ಮಾಡುತ್ತಿದ್ದ. ಕಾಲುವೆ ನೀರಿನ ಸರದಿಗೆ ಎರಡು ಗುಂಪು ಬಡಿದಾಡಿ ಒಬ್ಬ ಸತ್ತಾಗ, ಅಲ್ಲಿ ಮೋಟಾರು ಬಿಚ್ಚಲು ಹೋಗಿದ್ದ ಮಾರೆಪ್ಪನ ಹೆಸರೂ ಕೊಲೆ ಕೇಸಿನಲ್ಲಿ ಸೇರಿತು. ಸಾಹೇಬರು ಓಡಾಡಿ ಜಾಮೀನು ಕೊಡಿಸಿದರು. ಇಬ್ಬರು ಜಾಮೀನು ನಿಲ್ಲಬೇಕು. ಒಬ್ಬ ಕಂಪ್ಲಿಯ ನೆರೆಯವನು, ಇನ್ನೊಬ್ಬ ಸೋದರಮಾವ ಹುಲುಗಪ್ಪ.

ಜಾಮೀನುದಾರರನ್ನು ನ್ಯಾಯಾಧೀಶರ ಮುಂದೆ ನಿಲ್ಲಿಸುವ ಮೊದಲು ಗುಮಾಸ್ತ ಅವರಿಗೆ ಪ್ರಶ್ನೆಗಳನ್ನು ಅಭ್ಯಾಸ ಮಾಡಿಸುತ್ತಾನೆ. ಇಲ್ಲದಿದ್ದರೆ ಒಳಗೆ ಹೋಗಿ ತಮ್ಮ ಹೆಸರನ್ನೇ ಮರೆಯುತ್ತಾರೆ.

"ಆರೋಪಿ ನಿಮಗೇನಾಗಬೇಕು ಅಂತ ಕೇಳ್ತಾರ."

"ನಮ್ಮಕ್ಕನ ಮಗ್ರಿ."

"ತಾರೀಕು ತಾರೀಕಿಗೂ ಕರ್ಕಂಡು ಬರ್ತೀರೇನು ಅಂತಾರ."

"ಬರ್ತೀನ್ರಿ. ಬಗಲಾಗ ಎತ್ಕಂಡು ಬರ್ತೀನಿ."

"ಆಕಸ್ಮಾತ್ ಅವ ಓಡಿಹೋದ್ರ?"

"ಓಡಿಹೋದ್ರ ಏನಾಗ್ತೈತ್ರಿ?"

ಅದಕ್ಕೆ ಉತ್ತರ ಸರಳ. ಮುಚ್ಚಳಿಕೆಯಲ್ಲಿ ಬರೆದುಕೊಟ್ಟ ಮೊತ್ತವನ್ನು ಕೋರ್ಟು ವಸೂಲು ಮಾಡುತ್ತದೆ. ಅಷ್ಟು ಹೇಳಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಸುತ್ತ ನಾಲ್ಕಾರು ಜನ ನಿಂತಿದ್ದರು.

ನಾನು ಮುಖ ಗಂಭೀರ ಮಾಡಿಕೊಂಡು ಹೇಳಿದೆ, "ಇದು ಮರಣದಂಡನಿ ಕಲಮು ಹುಲುಗಪ್ಪಾ. ಅವ ಓಡಿಹೋದ್ರ ಸರ್ಕಾರದ ಹಗ್ಗ ಸುಮ್ನ ಬಿದ್ದಿರ್ತೈತೇನು? ಜಾಮೀನು ನಿಂತವನ ಕುತಿಗಿ ಅಳತಿ ತಗಂತಾರ."

ಎಲ್ಲರೂ ನಕ್ಕರು. ಹುಲುಗಪ್ಪನೂ ಹಲ್ಲು ಕಾಣಿಸಿದ. ಟವೆಲ್ಲಿನಿಂದ ಕುತ್ತಿಗೆ ಒರೆಸಿಕೊಂಡು, "ಅಳತಿ ಇವತ್ತ ತಗಂತಾರೇನ್ರಿ, ಆಮ್ಯಾಲೇನ್ರಿ?" ಎಂದು ಕೇಳಿದ. ಭಲೇ ಮಾತುಗಾರ ಎಂದು ನಾವು ಮತ್ತಷ್ಟು ನಕ್ಕೆವು.

ಆತ ತಮಾಷೆ ಮಾಡಿರಲಿಲ್ಲ. ನಮ್ಮ ಕಡೆ ಹಳ್ಳಿಗಳಲ್ಲಿ ಒಬ್ಬನಿಗೆ ಜಾಮೀನು ನಿಲ್ಲುವುದೆಂದರೆ ಅವನ ಜಾಗದಲ್ಲಿ ನಾನಿದ್ದೇನೆ ಎಂದು ನಾಲ್ಕು ಜನರ ಮುಂದೆ ಒಪ್ಪಿಕೊಂಡ ಹಾಗೆ. ಸಾಲಕ್ಕೆ ನಿಂತರೆ ಸಾಲ ತನ್ನದು, ಮಾತಿಗೆ ನಿಂತರೆ ಮಾತು ತನ್ನದು. ಗಲ್ಲಿಗೆ ನಿಂತರೆ ಗಲ್ಲು ತನ್ನದು ಎಂದು ಆತ ಎಣಿಸಿದ್ದರಲ್ಲಿ ಆಶ್ಚರ್ಯವೇನಿಲ್ಲ. ಆಶ್ಚರ್ಯ ಬೇರೆ ಇದೆ. ಹಾಗೆಂದು ನಂಬಿಯೂ ಆತ ಒಳಗೆ ಬಂದು ನಿಂತ.

ನ್ಯಾಯಾಧೀಶರು ಕೇಳಿದರು, "ಆರೋಪಿ ತಪ್ಪಿಸಿಕೊಂಡರೆ ನಿಮ್ಮ ಜವಾಬ್ದಾರಿ ಏನು ಅಂತ ಗೊತ್ತಿದೆಯಾ?"

"ಗೊತ್ತೈತ್ರಿ ಮಹಾಸ್ವಾಮಿ. ಗುಮಾಸ್ತರು ಎಲ್ಲಾ ಬಿಡಿಸಿ ಹೇಳ್ಯಾರ. ತಯಾರಾಗೇ ಬಂದೀನಿ."

ಇಷ್ಟು ದೃಢವಾಗಿ ಮಾತಾಡುವ ಜಾಮೀನುದಾರನನ್ನು ಕಂಡು ನ್ಯಾಯಾಧೀಶರು ತಲೆದೂಗಿದರು. ಸಾಹೇಬರು ನನ್ನ ಕಡೆ ಮೆಚ್ಚುಗೆಯಿಂದ ನೋಡಿದರು. ಹುಲುಗಪ್ಪ ಹೆಬ್ಬೆಟ್ಟು ಒತ್ತಿದ.

ಅಂದಿನಿಂದ ಮಾರೆಪ್ಪನ ಪಾಡು ಹೇಳತೀರದು. ಸೋದರಮಾವ ಅವನನ್ನು ಕಂಪ್ಲಿಗೆ ಬಿಡಲಿಲ್ಲ. ಮಲಪನಗುಡಿಯ ತನ್ನ ಮನೆಯಲ್ಲೇ ಇಟ್ಟುಕೊಂಡ. ತೋಟಕ್ಕೆ ಹೋದರೆ ಜೊತೆಗೆ, ಕಟಿಂಗ್ ಅಂಗಡಿಗೆ ಹೋದರೆ ಜೊತೆಗೆ. ತಾರೀಕಿನ ದಿನ ಕೋರ್ಟಿನ ಕಸ ಗುಡಿಸುವ ಮೊದಲೇ ಇಬ್ಬರೂ ಮೆಟ್ಟಿಲ ಮೇಲೆ ಹಾಜರು.

"ಗುಮಾಸ್ತರ, ಇದಕ್ಕಿಂತ ಬಳ್ಳಾರಿ ಜೈಲು ಪಾಡಿತ್ರಿ" ಎಂದು ಮಾರೆಪ್ಪ ಗೋಳಾಡುತ್ತಿದ್ದ. "ಬಯಲಕಡಿಗೆ ಹೋದ್ರೂ ಮಾವ ಹಿಂದ ಹಿಂದ ಬರ್ತಾನ. ಚೆಂಬು ನಾ ಹಿಡಕಂಡಿರ್ತೀನಿ, ಬೀಡಿ ಅವ ಹಿಡಕಂಡಿರ್ತಾನ."

"ಹೆಣ್ಣು ಕೊಟ್ಟ ಮಾವ ಅಲ್ಲಲೇ, ಜೀವ ಕೊಟ್ಟ ಮಾವ" ಎಂದು ಹುಲುಗಪ್ಪ ಅವನ ಬೆನ್ನಿಗೆ ಗುದ್ದುತ್ತಿದ್ದ. ನಾವು ನಗುತ್ತಿದ್ದೆವು. ಉಳಿದ ಆರೋಪಿಗಳ ಮೇಲೆ ಆಗಾಗ ವಾರಂಟು ಹೊರಡುತ್ತಿದ್ದರೆ ನಮ್ಮ ಮಾರೆಪ್ಪ ಒಂದು ತಾರೀಕೂ ತಪ್ಪಿಸಲಿಲ್ಲ. "ಜಾಮೀನುದಾರ ಅಂದ್ರ ಹಿಂಗಿರಬೇಕು. ಎಲ್ಲಿ ಹಿಡಿದೆಯೋ ಇವನ್ನ?" ಎಂದು ಸಾಹೇಬರು ನನ್ನನ್ನು ಬೇರೆ ವಕೀಲರ ಮುಂದೆ ಹೊಗಳಿದರು. ಅವರು ಹೊಗಳುವುದು ಅಪರೂಪ. ನಾನು ಉಬ್ಬಿಹೋದೆ.

ಆ ಬೇಸಿಗೆಯಲ್ಲಿ ಹುಲುಗಪ್ಪ ತನ್ನ ಸಣ್ಣ ಮಗಳನ್ನು ಕರೆದುಕೊಂಡು ಬಂದ. ಪಿಯುಸಿ ಪಾಸಾಗಿ ಬಳ್ಳಾರಿಯಲ್ಲಿ ನರ್ಸಿಂಗ್ ಸೀಟು ಸಿಕ್ಕಿತ್ತು. ಕಾಲೇಜಿಗೆ ಕೊಡಲು ಒಂದು ಅಫಿಡವಿಟ್ ಬೇಕಿತ್ತು. ನಾನೇ ಟೈಪು ಮಾಡಿ, ನೋಟರಿ ಸಹಿ ಹಾಕಿಸಿಕೊಟ್ಟೆ. ಹುಡುಗಿ ಚುರುಕು. ಎರಡು ಸಲ ಓದಿ ನೋಡಿಯೇ ಪಾಸ್‌ಬುಕ್ಕಿನ ಚೀಲದೊಳಗೆ ಇಟ್ಟುಕೊಂಡಳು. ತೋಟದ ಸುಗಂಧಿ ಬಾಳೆಹಣ್ಣಿನ ಚಿಪ್ಪನ್ನು ನನ್ನ ಮೇಜಿನ ಮೇಲಿಟ್ಟಳು.

"ನರ್ಸಮ್ಮ ಆದ ಮ್ಯಾಲೆ ನನಗ ಸೂಜಿ ಮೆಲ್ಲಕ ಚುಚ್ಚವಾ" ಎಂದೆ.

"ಕಲಿಯಾಕ ಯಾರಿಗಾರ ಮೊದ್ಲು ಚುಚ್ಚಬೇಕಲ್ರಿ ಕಾಕಾ. ನಿಮಗ ಚುಚ್ತೀನಿ" ಎಂದಳು. ಹಾಸ್ಟೆಲ್ಲಿಗೆಂದು ಹೊಸ ಟ್ರಂಕು ಕೊಂಡಿದ್ದಾರೆಂದೂ, ನೀಲಿ ಬಣ್ಣವೇ ಬೇಕೆಂದು ತಾನು ಹಟ ಹಿಡಿದೆನೆಂದೂ ಹೇಳಿದಳು.

ಕಾಲೇಜು ಶುರುವಾಗುವ ಮೊದಲೇ ಹುಲುಗಪ್ಪ ಒಬ್ಬನೇ ಬಂದ. ಕೈಯಲ್ಲಿ ಅರಿಶಿನ ಹಚ್ಚಿದ ಮದುವೆ ಕಾರ್ಡು. ಸಣ್ಣ ಮಗಳದ್ದೇ. ವರ ದರೋಜಿ ಕಡೆಯವನು.

"ನರ್ಸಿಂಗ್ ಏನಾತು ಹುಲುಗಪ್ಪಾ?"

"ವರ್ಸಗಟ್ಟಲೆ ಓದಬೇಕಂತಲ್ರಿ. ಅಲ್ಲಿತನಾ ನಾ ಇರ್ತೀನೋ ಇಲ್ಲೋ. ನಮ್ಮ ಮಾರೆಪ್ಪ ಒಂದಿನ ಕೈಕೊಟ್ಟ ಅಂದ್ರ ನೀವು ಹೇಳಿದಂಗ ನನ್ನ ಕುತಿಗೀಗೆ ಬರ್ತೈತಿ. ಅಪ್ಪಗ ಫಾಶಿ ಆದ ಮನಿ ಹುಡುಗೀನ ಯಾರು ತಗಂತಾರ್ರಿ? ನಾ ಇರಾದ್ರಾಗ ನಾಕು ಅಕ್ಕಿಕಾಳು ಬೀಳ್ಲಿ."

"ಹುಡುಗಿ ಒಪ್ಪಿದ್ಲಾ?"

"ಅತ್ಲು. ಯಾಕಂತ ಆಕಿಗೆ ಹೇಳಿಲ್ರಿ, ಎದಿ ಒಡಕಂತಾಳ. ಟ್ರಂಕು ಮದುವಿಗೇ ಬಂತು ಬಿಡ್ರಿ."

ಆತ ಎಲ್ಲವನ್ನೂ ನಂಬಿದ್ದಾನೆಂಬುದು ನನಗೆ ಆ ಕ್ಷಣ ಸ್ಪಷ್ಟವಾಗಿ ತಿಳಿಯಿತು. ಇದನ್ನು ತಿಳಿಯಾಗಿ ಬರೆಯಬೇಕೆಂದೇ ಇಷ್ಟು ದೂರ ಬಂದಿದ್ದೇನೆ. ಹಂಗಲ್ಲಪ್ಪ, ನಾನು ತಮಾಷೆಗೆ ಅಂದದ್ದು, ಜಾಮೀನುದಾರನಿಗೆ ಗಲ್ಲು ಇಲ್ಲ ಎಂದು ಹೇಳಿದ್ದರೆ ಸಾಕಿತ್ತು. ಹೇಳಿದರೆ ಸಾಹೇಬರಿಗೆ ಗೊತ್ತಾಗುತ್ತದೆ. ಕಂಪ್ಲಿ ಹಮಾಲಿಯ ತಂದೆ ಕುಸಿದು ಕುಳಿತ ಗದ್ದಲದ ನಂತರವೂ ಇವನಿಗೆ ಬುದ್ಧಿ ಬಂದಿಲ್ಲ ಎನ್ನುತ್ತಾರೆ. ಹೊಗಳಿಕೆ ಹೋಗುತ್ತದೆ. ಭಯ ಹೋದರೆ ಹುಲುಗಪ್ಪ ಮಾರೆಪ್ಪನನ್ನು ಕಾಯುವುದನ್ನೂ ಬಿಟ್ಟಾನು, ಅವನು ತಾರೀಕು ತಪ್ಪಿಸಿಯಾನು ಎಂಬ ಲೆಕ್ಕವೂ ತಲೆಯಲ್ಲಿ ಓಡಿತು. ಕಾರ್ಡು ಹೇಗೂ ಅಚ್ಚಾಗಿದೆಯಲ್ಲ ಎಂದು ನನಗೆ ನಾನೇ ಹೇಳಿಕೊಂಡೆ.

"ಒಳ್ಳೇದಾತು ಬಿಡು" ಎಂದೆ. ಮದುವೆಗೂ ಹೋದೆ. ಹೋಳಿಗೆ ಊಟ ಮಾಡಿದೆ. ನೀಲಿ ಟ್ರಂಕನ್ನು ಟ್ರ್ಯಾಕ್ಟರಿಗೆ ಏರಿಸುವಾಗ ಕೈಯನ್ನೂ ಹಚ್ಚಿದೆ.

ಕೇಸು ಆಮೇಲೂ ಎಳೆಯಿತು. ಕೊನೆಗೆ ಸಾಕ್ಷಿಗಳು ಮಾರೆಪ್ಪನನ್ನು ಗುರುತಿಸಲಿಲ್ಲ, ಮೋಟಾರಿನ ಮಾಲೀಕನೇ ಬಂದು ಇವನು ರಿಪೇರಿಗೆ ಬಂದವನೆಂದು ಹೇಳಿದ, ಬಿಡುಗಡೆಯಾಯಿತು. ವರಾಂಡದಲ್ಲಿ ಎಲ್ಲರೂ ಕೈಕುಲುಕುತ್ತಿದ್ದಾಗ ಹುಲುಗಪ್ಪ ಸಾಹೇಬರ ಮುಂದೆ ಕೈಮುಗಿದು ಕೇಳಿದ, "ಸಾಹೇಬ್ರ, ಇನ್ನು ನನ್ನ ಕುತಿಗಿ ನಂದ ಅಲ್ರಿ?"

"ನಿನ್ನ ಕುತಿಗೀಗೆ ಏನಾಗಿತ್ತೋ?"

ಹುಲುಗಪ್ಪ ಹೇಳಿದ. ಸಾಹೇಬರ ತೆಲುಗು ಹೊರಟಿತು. "ಎವಡಯ್ಯಾ ಚೆಪ್ಪಿಂದಿ? ಯಾರೋ ನಿನಗ ಹೇಳಿದ್ದು?"

ಹುಲುಗಪ್ಪ ನನ್ನ ಮುಖ ನೋಡಿದ. ನಾನು ಫೈಲಿನ ದಾರ ಬಿಚ್ಚಿ ಮತ್ತೆ ಕಟ್ಟತೊಡಗಿದೆ.

"ಚಾದಂಗಡ್ಯಾಗ ಯಾರೋ ಅಂದ್ರಿ" ಎಂದ.

ಎಲ್ಲರೂ ಗೊಳ್ಳೆಂದು ನಕ್ಕರು, ಮಾರೆಪ್ಪನಂತೂ ಗೋಡೆ ಹಿಡಿದುಕೊಂಡು ನಕ್ಕ. ಆಮೇಲೆ ನಾನು ಹುಲುಗಪ್ಪನನ್ನು ಮಿರ್ಚಿ ಅಂಗಡಿಗೆ ಕರೆದುಕೊಂಡು ಹೋಗಿ, ಎರಡೂ ಕೈ ಹಿಡಿದು, "ತಪ್ಪಾತಪ್ಪಾ, ನನ್ನ ಬಾಯಿಗೆ ಬೆಂಕಿ ಬೀಳ್ಲಿ" ಎಂದೆ.

"ಬಿಡ್ರಿ ಗುಮಾಸ್ತರ. ನೀವು ಹಂಗ ಅನ್ನದಿದ್ರ ನಾ ಅವನ್ನ ಕಾಯ್ತಿದ್ದಿಲ್ಲ, ಅವ ಗೋವಾದ ರೈಲು ಹತ್ತತಿದ್ದ. ಮಿರ್ಚಿ ತಿನ್ರಿ, ಆರ್ತಾವ" ಎಂದ ಹುಲುಗಪ್ಪ. ಇಂಥ ಮನುಷ್ಯ ಕ್ಷಮಿಸಿದ ಮೇಲೆ ಕೆಲಸ ಸುಲಭವಾಯಿತು. ವರ್ಷಗಟ್ಟಲೆ ಬೇವಿನ ಮರದ ಕೆಳಗೆ 'ಕುತ್ತಿಗೆ ಜಾಮೀನಿನ ಹುಲುಗಪ್ಪ' ಎಂದು ಆ ಕಥೆ ಹೇಳಿ ನಗಿಸಿದೆ. ಮದುವೆ ಕಾರ್ಡಿನ ಭಾಗ ಬಿಟ್ಟು.

ಈಗ ಕೋರ್ಟು ಬದಲಾಗಿದೆ. ತಾರೀಕು ಮೊಬೈಲಿನಲ್ಲಿ ಬರುತ್ತದೆ. ಕಾರ್ಬನ್ ಕಾಗದದ ನೀಲಿ ಯಾರ ಬೆರಳಿಗೂ ಹತ್ತುವುದಿಲ್ಲ. ಹೊಸ ಕಾನೂನು ಬಂದು ಮುನ್ನೂರಾ ಎರಡು ಹೋಗಿ ನೂರಾ ಮೂರು ಆಗಿದೆ. ಹಳೆಯ ಗುಮಾಸ್ತರು ಇನ್ನೂ ತಡವರಿಸುತ್ತಾರೆ. ಮರಣದಂಡನೆ ಎಂಬ ಮಾತು ಮಾತ್ರ ಅಲ್ಲೇ ಇದೆ, ಜೀವಾವಧಿಯ ಪಕ್ಕದಲ್ಲಿ. ಹುಡುಗರೇ, ಅದನ್ನು ಹೇಳುವಾಗ ಪೂರ್ತಿ ಹೇಳಿ. ತಮಾಷೆಗೆ ಬೇರೆ ಮಾತುಗಳು ಬೇಕಾದಷ್ಟಿವೆ.

ಕಳೆದ ವರ್ಷ ಹೊಸಪೇಟೆ ಬಸ್ ನಿಲ್ದಾಣದಲ್ಲಿ "ಕಾಕಾ, ಆರಾಮದೀರೇನ್ರಿ?" ಎಂದು ಯಾರೋ ಮಾತಾಡಿಸಿದರು. ಹುಲುಗಪ್ಪನ ಆ ಮಗಳು. ಮೈ ತುಂಬಿಕೊಂಡಿದ್ದಳು. ಗುಲಾಬಿ ಸೀರೆ ಉಟ್ಟು, ಹೆಗಲಿಗೆ ಚೀಲ ಹಾಕಿಕೊಂಡಿದ್ದಳು. ದರೋಜಿ ಹತ್ತಿರದ ತನ್ನ ಊರಲ್ಲಿ ಆಶಾ ಕಾರ್ಯಕರ್ತೆಯಂತೆ. ಹೆರಿಗೆಗೆ ಹೆಂಗಸರನ್ನು ಕರೆತರುತ್ತಾಳೆ, ಮಕ್ಕಳಿಗೆ ಹನಿ ಹಾಕುತ್ತಾಳೆ. "ಸೂಜಿ ಚುಚ್ಚಾದು ನರ್ಸ್ ಅಕ್ಕಾರ ಕೆಲ್ಸರಿ. ನಾನು ಕೂಸಿನ ಕಾಲು ಹಿಡಕಂತೀನಿ" ಎಂದು ನಕ್ಕಳು. ನನ್ನ ಬಿಪಿ ಮಾತ್ರೆ ವಿಚಾರಿಸಿದಳು. ಆಮೇಲೆ ಅದೇ ದನಿಯಲ್ಲಿ, "ಕುತಿಗಿ ಕಥಿ ಅಪ್ಪ ಹೇಳ್ಯಾನ್ರಿ. ನಾವೆಲ್ಲಾ ಬಿದ್ದು ಬಿದ್ದು ನಕ್ವಿ. ಕಾರ್ಡು ಕೊಡಾಕ ಬಂದಾಗ ಮದುವಿ ಯಾಕ ಅವಸರ ಅಂತ ನಿಮಗ ಹೇಳಿದ್ನಂತ. ಖರೇ ಏನ್ರಿ ಕಾಕಾ?" ಎಂದು ಕೇಳಿದಳು.

"ಹೌದವಾ, ಹೇಳಿದ್ದ."

"ಮತ್ತ?"

ಅಷ್ಟೇ ಕೇಳಿದಳು. ಸಿಟ್ಟಿರಲಿಲ್ಲ. ನಿಜವಾಗಿ ತಿಳಿದುಕೊಳ್ಳಬೇಕೆಂದು ಕೇಳಿ, ಉತ್ತರಕ್ಕೆ ಕಾಯುತ್ತ ನಿಂತಳು. ದರೋಜಿ ಬಸ್ಸು ಪ್ಲಾಟ್‌ಫಾರಮಿಗೆ ಬಂದಿತ್ತು.

ನಾನು ಬಾಯಿ ತೆಗೆದೆ. ಏನು ಬಂತು ಗೊತ್ತೇ? "ನಿನ್ನ ಮದುವಿ ಹೋಳಿಗಿ ಭಾಳ ಮಸ್ತ್ ಇದ್ವವಾ."

ಆಕೆ ಒಂದು ಗಳಿಗೆ ನನ್ನನ್ನೇ ನೋಡಿದಳು. ಆಮೇಲೆ, ದೊಡ್ಡವರ ಮಾತಿಗೆ ನಗಬೇಕಲ್ಲ ಎಂಬಂತೆ ನಕ್ಕು, "ಬರ್ತೀನ್ರಿ ಕಾಕಾ, ಮಾತ್ರಿ ಬಿಡಬ್ಯಾಡ್ರಿ" ಎಂದು ಬಸ್ಸು ಹತ್ತಿದಳು.

ಅಪ್ಪನ ಎರಡೂ ಕೈ ಹಿಡಿದು ತಪ್ಪಾಯಿತೆಂದವನು ನಾನು. ಸಾಹೇಬರಿಗೂ ಅವರ ಕೊನೆಗಾಲದಲ್ಲಿ ಎಲ್ಲವನ್ನೂ ಹೇಳಿ, ತೆಲುಗಿನಲ್ಲಿ ಬೈಸಿಕೊಂಡು ಹಗುರಾದೆ. ಯಾರ ಓದು ಹೋಯಿತೋ ಅವಳಿಗೆ ಮಾತ್ರ ಹೇಳಲಿಲ್ಲ. ಈ ಬರಹದಲ್ಲಿ ಇಷ್ಟು ಹೊತ್ತೂ ಹುಲುಗಪ್ಪನ ಮಗಳು, ಹುಡುಗಿ, ಆಕೆ ಎಂದೇ ಬರೆದುಕೊಂಡು ಬಂದಿದ್ದೇನೆ. ಅಫಿಡವಿಟ್ಟಿನಲ್ಲಿ ನಾನೇ ಟೈಪು ಮಾಡಿದ ಹೆಸರು ನನಗೆ ಮರೆತಿಲ್ಲ.

ಹಂಪಮ್ಮ.